ಯಾವ ಪೆಟ್ಟಿಗೆಯಲ್ಲಿ ಹರಪನಹಳ್ಳಿ?

ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು 'ಯಾವ ವರ್ಷದಲ್ಲಿ?' ಎಂದು ನಾವೇ ತಿರುಗಿ ಕೇಳಬೇಕಾಗುತ್ತದೆ. 1953ರ ಸೆಪ್ಟೆಂಬರ್ ಮುಗಿಯುವವರೆಗೆ ಅದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಕ್ಟೋಬರ್ 1ರಿಂದ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆಗೆ ಬಂತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಬಳ್ಳಾರಿಯನ್ನು ಬಿಟ್ಟು ಅಲ್ಲಿಗೆ ಹೋಯಿತು. 2018ರ ಸುಮಾರಿಗೆ ಮರಳಿ ಬಳ್ಳಾರಿಯ ಪಾಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಆ ಜಿಲ್ಲೆಯ ತಾಲ್ಲೂಕಾಯಿತು. ಇಷ್ಟೆಲ್ಲ ಆದರೂ ಊರು ಇದ್ದ ಜಾಗದಿಂದ ಒಂದು ಗೇಣೂ ಕದಲಲಿಲ್ಲ. ಅದರ ಕೆರೆ, ಕೋಟೆ, ಸಂತೆ ಎಲ್ಲ ಇದ್ದಲ್ಲೇ ಇವೆ.

ನೆರೆಯ ತಾಲ್ಲೂಕುಗಳ ಕಥೆ ಇಷ್ಟು ಅಲೆದಾಟದ್ದಲ್ಲ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಮೂರೂ 2021ರವರೆಗೆ ಬಳ್ಳಾರಿಯಲ್ಲೇ ಇದ್ದವು. ಕೊಟ್ಟೂರು ಬಹುಕಾಲ ಕೂಡ್ಲಿಗಿ ತಾಲ್ಲೂಕಿನ ಊರಾಗಿದ್ದು, ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಈ ಐದು ತಾಲ್ಲೂಕುಗಳಿಗೆ ಸಂಬಂಧಿಸಿದ ಬರಹಗಳನ್ನು ಕೂಡಿಹಾಕುವ ಚಟ ನನಗೆ ಬಹಳ ದಿನಗಳಿಂದ ಇದೆ. ಶಾಸನಗಳ ನಕಲು, ಹೆಂಗಸರ ಹಾಡಿನ ನೋಟುಬುಕ್ಕುಗಳ ಚಿತ್ರ, ಜಾತ್ರೆಯ ಕರಪತ್ರ, ಗೆಳೆಯರ ಪತ್ರ, ಪತ್ರಿಕೆಯ ತುಣುಕು, ಹೀಗೆ. ಒಂದು ಕಾಲದಲ್ಲಿ ಇವು ಕಬ್ಬಿಣದ ಬೀರುವಿನಲ್ಲಿದ್ದವು. ಈಗ ಕಂಪ್ಯೂಟರಿನಲ್ಲಿ, ಇಮೇಲಿನಲ್ಲಿ, ಫೋನಿನಲ್ಲಿ ಇವೆ. ಬೀರು ಹೋಯಿತಾದರೂ ಬೀರುವಿನ ಬುದ್ಧಿ ಹೋಗಲಿಲ್ಲ. ನಮ್ಮ ಮಾಹಿತಿಯನ್ನು ಜೋಡಿಸಲು ಕೊಟ್ಟಿರುವ ತಂತ್ರಾಂಶಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ.

ಬೀರುವಿನ ಬುದ್ಧಿ ಎಂದರೆ ಏನು? ಒಂದು ವಸ್ತುವಿಗೆ ಒಂದೇ ಜಾಗ ಎನ್ನುವುದು. ಕಾಗದದ ಮಟ್ಟಿಗೆ ಅದು ಅನಿವಾರ್ಯ. ಒಂದು ಹಾಳೆ ಎರಡು ಅರೆಗಳಲ್ಲಿ ಏಕಕಾಲಕ್ಕೆ ಇರಲಾರದು. ಕಂಪ್ಯೂಟರಿನಲ್ಲಿ ಈ ಕಟ್ಟುಪಾಡು ಬೇಕಿರಲಿಲ್ಲ. ಆದರೂ ಅದನ್ನು ರೂಪಿಸಿದವರು ಕಚೇರಿಯ ಕಪಾಟನ್ನೇ ಕಣ್ಣಮುಂದೆ ಇಟ್ಟುಕೊಂಡು ಫೋಲ್ಡರ್ ಎಂಬುದನ್ನು ಮಾಡಿದರು. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು. ರಾಜ್ಯದೊಳಗೆ ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ. ಇದು ಬೇರಿನಿಂದ ಎಲೆಯವರೆಗೆ ಇಳಿಯುವ ತಲೆಕೆಳಗಾದ ಮರ. ಈ ಮರದಲ್ಲಿ ಒಂದು ಎಲೆಗೆ ಒಂದೇ ಟೊಂಗೆ.

ಸರ್ಕಾರದ ಭೂಮಿ ತಂತ್ರಾಂಶ ಇದೇ ಮರದ ಮೇಲೆ ನಿಂತಿದೆ. ಅದರ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿದ ಯೋಜನೆ ಅದು. ಆದರೆ ಅಲ್ಲಿ ಹೊಲವೊಂದನ್ನು ಹುಡುಕಬೇಕಾದರೆ ಮೊದಲು ಜಿಲ್ಲೆಯನ್ನು ಆರಿಸಬೇಕು. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರು. ಅಂದರೆ ಹೊಲ ಉಳುವವನಿಗೆ ಎಲ್ಲಕ್ಕಿಂತ ಖಚಿತವಾಗಿ ಗೊತ್ತಿರುವ ಊರಿನ ಹೆಸರು ನಾಲ್ಕನೆಯ ಬಾಗಿಲಿನಲ್ಲಿದೆ. ರಾಜಧಾನಿಯಲ್ಲಿ ಬದಲಾಗುತ್ತ ಹೋಗುವ ಜಿಲ್ಲೆಯ ಹೆಸರು ಮೊದಲ ಬಾಗಿಲಿನಲ್ಲಿದೆ. ಮೊದಲ ಬಾಗಿಲು ತಪ್ಪಿದರೆ ಉಳಿದವು ತೆರೆಯುವುದಿಲ್ಲ. ಜನರ ತಿಳಿವಳಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತಂತ್ರಾಂಶದ್ದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ.

ಇದನ್ನು ಬರಿಯ ಅನುಕೂಲದ ಪ್ರಶ್ನೆ ಎಂದುಕೊಳ್ಳಬಾರದು. ಪೆಟ್ಟಿಗೆಯ ಮೇಲಿನ ಹೆಸರಿನಿಂದ ಬದುಕು ಹೇಗೆ ಬದಲಾಗುತ್ತದೆ ಎಂಬುದನ್ನು ಹರಪನಹಳ್ಳಿಯವರಷ್ಟು ಬಲ್ಲವರು ಕಡಿಮೆ. 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿ 371ಜೆ ವಿಧಿಯನ್ನು ತಂದಿತು. ಅದರ ಪ್ರಕಾರ ಆಗಿನ ಹೈದರಾಬಾದ್ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಓದು ಮತ್ತು ಉದ್ಯೋಗದಲ್ಲಿ ವಿಶೇಷ ಮೀಸಲಾತಿ ಬಂತು. ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ. ಬಳ್ಳಾರಿಯ ತಾಲ್ಲೂಕಾದ್ದರಿಂದ ಕೂಡ್ಲಿಗಿಯ ಹುಡುಗಿಗೆ ಅದು ಸಿಕ್ಕಿತು. ಅವಳದೇ ಮಳೆ, ಅವಳದೇ ಬರ, ಅವಳದೇ ಮಾತು ಇದ್ದ ಹರಪನಹಳ್ಳಿಯ ಹುಡುಗಿಗೆ ಸಿಗಲಿಲ್ಲ. 1997ರಲ್ಲಿ ಯಾರೋ ಎಳೆದ ಗೆರೆ 16 ವರ್ಷಗಳ ಬಳಿಕ ಅವಳ ಅರ್ಜಿಯನ್ನು ಹೊರಗಿಟ್ಟಿತು. ಆಗ ಹರಪನಹಳ್ಳಿಯವರು ವರ್ಷಗಟ್ಟಲೆ ಹೋರಾಡಿದರು. ಮರಳಿ ಬಳ್ಳಾರಿಗೆ ಸೇರಿದ್ದು ಆ ಹೋರಾಟದ ಫಲ. ವರ್ಗೀಕರಣ ಎಂಬುದು ಗ್ರಂಥಪಾಲಕರ ಒಣ ವಿದ್ಯೆ ಎನ್ನುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ.

ಇಷ್ಟಕ್ಕೂ ಮರ ಒಂದೇ ಇದೆಯೇ? ಅದೂ ಇಲ್ಲ. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್ ಕೋಡ್ ತಂದಾಗ ತನ್ನದೇ ಮರ ಕಟ್ಟಿಕೊಂಡಿತು. ಹರಪನಹಳ್ಳಿಯದು 583131, ಕೊಟ್ಟೂರಿನದು 583134, ಕೂಡ್ಲಿಗಿಯದು 583135. ಮೊದಲ ಮೂರು ಅಂಕಿ ಬಳ್ಳಾರಿ ಕಡೆಯವು. ಕಂದಾಯ ಇಲಾಖೆಯ ಲೆಕ್ಕದಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋದ ಮೇಲೂ ಅಂಚೆಯಣ್ಣನ ಪಾಲಿಗೆ ಅದು 583ರ ಬಳಗದಲ್ಲೇ ಉಳಿಯಿತು. ದೂರವಾಣಿಯ ಊರುಸಂಖ್ಯೆಯೂ ಹಾಗೆಯೇ. ಚುನಾವಣೆಯದು ಇನ್ನೊಂದು ಬಗೆ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕ್ಷೇತ್ರಗಳು ಬಳ್ಳಾರಿ ಲೋಕಸಭೆಗೆ ಸೇರಿದ್ದರೆ, ಹರಪನಹಳ್ಳಿ ವಿಜಯನಗರ ಜಿಲ್ಲೆಗೆ ಬಂದ ಮೇಲೂ ದಾವಣಗೆರೆ ಲೋಕಸಭೆಯಲ್ಲಿದೆ. ಜನಗಣತಿಯ ಪುಸ್ತಕ ತೆರೆದರೆ ಹರಪನಹಳ್ಳಿ 1991ರಲ್ಲಿ ಬಳ್ಳಾರಿ, 2001 ಮತ್ತು 2011ರಲ್ಲಿ ದಾವಣಗೆರೆ. ಇದನ್ನು ಅರಿಯದೆ ಬಳ್ಳಾರಿ ಜಿಲ್ಲೆಯ 1991ರ ಮತ್ತು 2001ರ ಅಂಕಿಗಳನ್ನು ಪಕ್ಕಪಕ್ಕ ಇಟ್ಟವನು, ಒಂದು ತಾಲ್ಲೂಕಿನ ಜನ ಎಲ್ಲಿ ಹೋದರು ಎಂದು ಗಾಬರಿಯಾಗಬೇಕಾಗುತ್ತದೆ.

ನಮ್ಮ ಶಾಸನಗಳ ವಿಚಾರದಲ್ಲಿ ಈ ತೊಡಕು ಕಂಪ್ಯೂಟರಿಗಿಂತ ಹಳೆಯದು. ಬಿ.ಎಲ್. ರೈಸ್ ಅವರು ಹಳೆಯ ಮೈಸೂರಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಜೋಡಿಸಿದರು. ಶಿಕಾರಿಪುರದ ಶಾಸನ ಬೇಕಾದವನು ಶಿಕಾರಿಪುರದ ಭಾಗ ತೆರೆದರೆ ಸಾಕು. ಆದರೆ ನಮ್ಮ ಸೀಮೆ ಆಗ ಮದರಾಸಿನದು. ಆದ್ದರಿಂದ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳು, ಕೋಗಳಿಯ ಬಸದಿಯ ಶಾಸನಗಳು ರೈಸ್ ಅವರ ಸಂಪುಟಗಳಲ್ಲಿ ಇಲ್ಲ. ಅವನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟದಲ್ಲಿ ಹುಡುಕಬೇಕು. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಆ ಸಂಪುಟದ ಮೊದಲ ಭಾಗ 1939ರಲ್ಲಿ ಬಂತು. ಅಲ್ಲಿಯ ಜೋಡಣೆ ರಾಜವಂಶಗಳ ಪ್ರಕಾರ. ನೊಳಂಬರದು ಒಂದು ಕಡೆ, ಚಾಲುಕ್ಯರದು ಇನ್ನೊಂದು ಕಡೆ. ಒಂದೇ ಗುಡಿಯ ಅಂಗಳದಲ್ಲಿ ಪಕ್ಕಪಕ್ಕ ನಿಂತ ಕಲ್ಲುಗಳು ಪುಸ್ತಕದಲ್ಲಿ ನೂರಾರು ಪುಟ ದೂರವಾಗಿವೆ. ಅರಸರ ಚರಿತ್ರೆ ಬರೆಯುವವನಿಗೆ ಇದು ಹಿತ. ಊರಿನ ಚರಿತ್ರೆ ಬರೆಯುವವನಿಗೆ ಕಷ್ಟ. ಜೋಡಿಸಿದವರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಯಾವ ಪ್ರಶ್ನೆ ಮುಖ್ಯ ಎಂಬುದನ್ನು ಜೋಡಣೆಯೇ ಮೊದಲು ತೀರ್ಮಾನಿಸಿಬಿಡುತ್ತದೆ ಎಂಬುದನ್ನು ಮರೆಯಬಾರದು.

ಆ ಶಾಸನಗಳ ಕಾಲದವರು ತಮ್ಮ ನೆಲವನ್ನು ಇನ್ನೊಂದು ಬಗೆಯಲ್ಲಿ ಎಣಿಸಿದ್ದರು. ನೊಳಂಬವಾಡಿ 32,000, ಅದರೊಳಗೆ ಕೋಗಳಿ 500. ಅಂದು 500ರ ನಾಡಿಗೆ ತಲೆಯೂರಾಗಿದ್ದ ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಂದಿನ ನಾಡಿನ ಗೆರೆಗಳಿಗೂ ಇಂದಿನ ತಾಲ್ಲೂಕಿನ ಗೆರೆಗಳಿಗೂ ತಾಳೆಯಿಲ್ಲ. ಕೋಗಳಿಯ ಶಾಸನದ ಚಿತ್ರವೊಂದನ್ನು ನಾನು ಎಲ್ಲಿ ಇಡಲಿ? ನೊಳಂಬವಾಡಿಯಲ್ಲೋ, ಮದರಾಸಿನಲ್ಲೋ, ಬಳ್ಳಾರಿಯಲ್ಲೋ, ವಿಜಯನಗರದಲ್ಲೋ? ಅಥವಾ ಜೈನ ಎಂಬ ಫೋಲ್ಡರಿನಲ್ಲೋ? ಎಲ್ಲದರಲ್ಲೂ ಎಂಬುದೇ ಸರಿಯಾದ ಉತ್ತರ. ಫೋಲ್ಡರಿಗೆ ಆ ಉತ್ತರ ಅರ್ಥವಾಗುವುದಿಲ್ಲ.

ಈ ಪ್ರಶ್ನೆಗೆ ಪರಿಹಾರ ಯೋಚಿಸಿದವರು ನಮ್ಮವರೇ ಒಬ್ಬರಿದ್ದಾರೆ. ಎಸ್.ಆರ್. ರಂಗನಾಥನ್ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದವರು; ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಗಿಂತ ಮುಂಚೆ ಲೋಕವನ್ನು ಆಳುತ್ತಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಮಾಂಶ ಪದ್ಧತಿ. ಅದರಲ್ಲಿ ಧರ್ಮಕ್ಕೆ 200ರಿಂದ 299ರವರೆಗಿನ ಜಾಗ. ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೆ, ಲೋಕದ ಉಳಿದೆಲ್ಲ ಧರ್ಮಗಳಿಗೆ 290ರ ಒಂದೇ ಹತ್ತು. ಕನ್ನಡ ಸಾಹಿತ್ಯಕ್ಕೆ 894.814 ಎಂಬ ಬಾಲದ ಮೇಲಿನ ಬಾಲ. ಯಾರು ಪೆಟ್ಟಿಗೆ ಮಾಡುತ್ತಾರೋ ಅವರ ಮನೆಯ ಸಾಮಾನಿಗೆ ಅದರಲ್ಲಿ ಧಾರಾಳ ಜಾಗವಿರುತ್ತದೆ.

ರಂಗನಾಥನ್ ಪೆಟ್ಟಿಗೆಯನ್ನೇ ಬಿಟ್ಟರು. ಲಂಡನ್ನಿನ ಅಂಗಡಿಯೊಂದರಲ್ಲಿ ಪಟ್ಟಿ, ಮೊಳೆಗಳನ್ನು ಜೋಡಿಸಿ ಬೇಕಾದ ಆಟಿಕೆ ಮಾಡಿಕೊಳ್ಳುವ ಮೆಕ್ಯಾನೊ ಸೆಟ್ಟನ್ನು ನೋಡಿದಾಗ ಅವರಿಗೆ ಈ ವಿಚಾರ ಹೊಳೆಯಿತಂತೆ. ಸಿದ್ಧ ಪೆಟ್ಟಿಗೆಗಳ ಬದಲು ಬಿಡಿ ಭಾಗಗಳನ್ನು ಕೊಡುವುದು. ಒಂದೊಂದು ಪುಸ್ತಕಕ್ಕೆ ತಕ್ಕಂತೆ ಅವನ್ನು ಕೂಡಿಸುವುದು. ಇದು ಯಾವುದರ ಬಗ್ಗೆ, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ಸ್ಥಳ, ಯಾವ ಕಾಲ ಎಂದು ಐದು ಮುಖಗಳಿಂದ ಕೇಳುವುದು. 1933ರಲ್ಲಿ ಪ್ರಕಟವಾದ ಈ ಕೋಲನ್ ವರ್ಗೀಕರಣದಲ್ಲಿ ಸ್ಥಳ ಮತ್ತು ಕಾಲ ಬೇರೆ ಬೇರೆ ಮುಖಗಳು. ಹರಪನಹಳ್ಳಿಯ ಸಮಸ್ಯೆಗೆ ಮದ್ದು ಇದರಲ್ಲೇ ಇದೆ. ಊರು ಒಂದು ಮುಖ, ವರ್ಷ ಇನ್ನೊಂದು ಮುಖ. ಜಿಲ್ಲೆ ಎಂಬುದು ಈ ಎರಡರಿಂದ ಹೊರಡುವ ಉತ್ತರವೇ ಹೊರತು ಊರಿನ ಹಣೆಬರಹವಲ್ಲ. 1933ರಲ್ಲಿ ನಮ್ಮ ಸೀಮೆಯೂ ಮದರಾಸಿನ ಆಡಳಿತದಲ್ಲೇ ಇತ್ತು ಎಂಬುದನ್ನು ನೆನೆದಾಗ ಒಂದು ಬಗೆಯ ಹೆಮ್ಮೆ, ಅದರ ಜೊತೆಗೇ ವಿಷಾದ. ಮದ್ದು ಇಷ್ಟು ಹತ್ತಿರ ಇದ್ದೂ ನಮ್ಮ ಕಚೇರಿಗಳ ತಂತ್ರಾಂಶಗಳಿಗೆ ಅದು ಮುಟ್ಟಲಿಲ್ಲ.

ಇಮೇಲಿನ ಲೋಕದಲ್ಲಿ ಈ ವಿಚಾರ ಬೇರೊಂದು ದಾರಿಯಿಂದ ಒಳಬಂತು. 2004ರಲ್ಲಿ ಬಂದ ಜಿಮೇಲ್ ಫೋಲ್ಡರಿನ ಬದಲು ಲೇಬಲ್ ಎಂಬುದನ್ನು ಕೊಟ್ಟಿತು. ಒಂದೇ ಪತ್ರಕ್ಕೆ ಎಷ್ಟು ಚೀಟಿಗಳನ್ನಾದರೂ ಅಂಟಿಸಬಹುದು. ಪತ್ರ ಒಂದೇ; ಅದು ಕೊಟ್ಟೂರಿನ ಚೀಟಿಯ ಕೆಳಗೂ ಸಿಗುತ್ತದೆ, ಜಾತ್ರೆಯ ಚೀಟಿಯ ಕೆಳಗೂ ಸಿಗುತ್ತದೆ. ನನ್ನ ಸಂಗ್ರಹದ ಮಟ್ಟಿಗೆ ಇದು ದೊಡ್ಡ ಬಿಡುಗಡೆಯಾಗಿ ಕಂಡಿತು. ಆದರೆ ಚೀಟಿಗೂ ಶಿಸ್ತು ಬೇಕು. 'ಹಡಗಲಿ', 'ಹೂವಿನಹಡಗಲಿ', 'ಹೂವಿನ ಹಡಗಲಿ' ಮೂರೂ ನಮಗೆ ಒಂದೇ ಊರು. ಯಂತ್ರಕ್ಕೆ ಮೂರು ಊರು. 'ಬಳ್ಳಾರಿ'ಯನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಯನ್ನೇ 2014ರ ನವೆಂಬರ್ 1ರಂದು ಸರ್ಕಾರ ಬದಲಿಸಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸಿದರೆ ಹಳೆಯ ಹೆಸರಿನಿಂದ ಹುಡುಕುವವನು ಬರಿಗೈಯಲ್ಲಿ ಹೋಗುತ್ತಾನೆ. ಗ್ರಂಥಪಾಲಕರು ಇದಕ್ಕಾಗಿಯೇ ಒಂದು ಹೆಸರನ್ನು ಗೊತ್ತುಮಾಡಿ, ಉಳಿದವುಗಳಿಂದ ಅದಕ್ಕೆ 'ನೋಡಿ' ಎಂದು ಕೈತೋರಿಸುವ ಪಟ್ಟಿ ಇಟ್ಟುಕೊಳ್ಳುತ್ತಾರೆ. ಚೀಟಿ ಅಂಟಿಸುವ ತಂತ್ರಾಂಶ ಮಾಡಿದವರು ನಮಗೆ ಅಂಟು ಕೊಟ್ಟರು, ಈ ಪಟ್ಟಿಯನ್ನು ಕೊಡಲಿಲ್ಲ.

ಇಮೇಲಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕಚೇರಿಯ ಪತ್ರಗಳಲ್ಲಿ 'ಮಾನ್ಯರೆ' ಎಂದ ಮೇಲೆ 'ವಿಷಯ' ಎಂದು ಒಂದು ಸಾಲು, 'ಉಲ್ಲೇಖ' ಎಂದು ಇನ್ನೊಂದು ಸಾಲು ಇರುತ್ತದೆ. ಬಹಳ ಜನ ಇದನ್ನು ಗುಮಾಸ್ತಗಿರಿಯ ಕಸರತ್ತು ಎಂದು ನಗುತ್ತಾರೆ. ಆದರೆ ಈ ಉಲ್ಲೇಖದ ಸಾಲು ಇದ್ದುದರಿಂದಲೇ 30 ವರ್ಷದ ಹಿಂದಿನ ಕಡತವನ್ನು ಒಂದು ಪತ್ರದಿಂದ ಇನ್ನೊಂದಕ್ಕೆ ಹಿಡಿದು ಹೋಗಬಹುದಾಗಿದೆ. 1982ರಲ್ಲಿ ಇಮೇಲಿನ ನಿಯಮಾವಳಿ ಬರೆದವರು ಕೂಡ ಪ್ರತಿ ಪತ್ರದ ತಲೆಯಲ್ಲಿ ವಿಷಯದ ಸಾಲಿನ ಜೊತೆಗೆ ಉಲ್ಲೇಖದ ಸಾಲಿಗೆ ಜಾಗ ಇಟ್ಟರು. ಅದು ನಮ್ಮ ಕಣ್ಣಿಗೆ ಬೀಳದೆ ಒಳಗೇ ಕೆಲಸ ಮಾಡುತ್ತದೆ. ಉತ್ತರ, ಮರು ಉತ್ತರಗಳು ಒಂದು ಸರದಲ್ಲಿ ಕಾಣುವುದು ಅದರಿಂದ. ವಿಷಯದ ಸಾಲು ಮಾತ್ರ ನಮ್ಮ ಕೈಯಲ್ಲಿದೆ. ನಾವು ಅದನ್ನು ಖಾಲಿ ಬಿಡುತ್ತೇವೆ, ಇಲ್ಲವೆ 'ಫೋಟೋ' ಎಂದು ಬರೆಯುತ್ತೇವೆ. ನನಗೆ ಬಂದ ಪತ್ರಗಳಲ್ಲಿ 'ಫೋಟೋ' ಎಂಬ ವಿಷಯದವು ಅದೆಷ್ಟೋ. ಅವುಗಳಲ್ಲಿ ಯಾವುದು ನೀಲಗುಂದದ ಗುಡಿ, ಯಾವುದು ಅಂಬಳಿಯ ಗುಡಿ ಎಂಬುದನ್ನು ತೆರೆದೇ ನೋಡಬೇಕು. ಕಳಿಸಿದವರು ಇಲ್ಲವಾದ ಮೇಲೆ ತೆರೆದು ನೋಡಿದರೂ ಹೇಳುವವರಿರುವುದಿಲ್ಲ.

ಹುಡುಕಾಟ ಇಷ್ಟು ಚುರುಕಾಗಿರುವಾಗ ವರ್ಗೀಕರಣದ ಗೊಡವೆ ಏಕೆ ಎಂದು ತರುಣ ಗೆಳೆಯರು ಕೇಳುತ್ತಾರೆ. ಒಂದು ಪದ ಕೊಟ್ಟರೆ ಸಾಕಲ್ಲ ಎನ್ನುತ್ತಾರೆ. ಇದರಲ್ಲಿ ನಿಜವಿದೆ. ವಚನಗಳನ್ನು ಪದ ಹಿಡಿದು ಹುಡುಕುವ ವಚನ ಸಂಚಯದಂಥ ಸಾಧನ ಬಂದ ಮೇಲೆ ವಿದ್ವಾಂಸರು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸ ನಿಮಿಷಕ್ಕೆ ಇಳಿಯಿತು. ಆದರೆ ಹುಡುಕಾಟಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ಅಕ್ಷರದ್ದು. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪು ಮಾಡಿದ ಕಡತ ಕಣ್ಣಿಗೆ ಕನ್ನಡ. ಯಂತ್ರದ ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಯೂನಿಕೋಡಿನಲ್ಲಿ 'ಕೂಡ್ಲಿಗಿ' ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಯೂನಿಕೋಡಿನಲ್ಲೂ 'ಕೋಗಳಿ'ಯ 'ಕೋ' ಎಂಬುದನ್ನು ಇಡಿಯಾಗಿಯೂ ಬರೆದಿಡಬಹುದು, ಎತ್ವ, ಊತ್ವ, ದೀರ್ಘಗಳ ಬಿಡಿ ತುಂಡುಗಳಾಗಿಯೂ ಬರೆದಿಡಬಹುದು. ಎರಡನ್ನೂ ಒಂದೇ ಎಂದು ಬಗೆಯುವ ಎಚ್ಚರ ತಂತ್ರಾಂಶಕ್ಕೆ ಇಲ್ಲದಿದ್ದರೆ ಒಂದು ಸಿಕ್ಕಿ ಇನ್ನೊಂದು ತಪ್ಪುತ್ತದೆ. ಚಿತ್ರದಲ್ಲಿರುವ ಕೈಬರಹದ ಮಾತಂತೂ ಬಿಡಿ.

ಎರಡನೆಯ ಮಿತಿ ಇದಕ್ಕಿಂತ ಆಳದ್ದು. ಪದ ಗೊತ್ತಿರುವವನಿಗೆ ಮಾತ್ರ ಹುಡುಕಾಟ ನೆರವಾಗುತ್ತದೆ. ಕೋಗಳಿ ಎಂಬ ಊರು ಇದೆ ಎಂದೇ ಗೊತ್ತಿಲ್ಲದ ಕೊಟ್ಟೂರಿನ ವಿದ್ಯಾರ್ಥಿ ಅದನ್ನು ಹುಡುಕುವುದು ಹೇಗೆ? ಅವನಿಗೆ ಬೇಕಾದುದು ನಮ್ಮ ಸುತ್ತ ಏನೇನಿದೆ ಎಂದು ತೋರಿಸುವ ಪಟ್ಟಿ. ಅರೆಯ ಮುಂದೆ ನಿಂತವನಿಗೆ ತಾನು ಹುಡುಕುತ್ತಿದ್ದ ಪುಸ್ತಕದ ಪಕ್ಕದ ಪುಸ್ತಕ ಕಣ್ಣಿಗೆ ಬೀಳುವ ಹಾಗೆ. ಇನ್ನು ಈಗ ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಹೇಳುವ ಯಂತ್ರಗಳೂ ಬಂದಿವೆ. ಅವು ಕಲಿತದ್ದು ನಾವು ಬರೆದಿಟ್ಟ ಸಾಮಗ್ರಿಯಿಂದಲೇ. ವರ್ಷ ನಮೂದಿಸದ ಬರಹ ಓದಿದ ಯಂತ್ರ ಹರಪನಹಳ್ಳಿಯನ್ನು ಯಾವ ಜಿಲ್ಲೆಗೆ ಹಾಕೀತು?

ಮುಖಗಳ ಪದ್ಧತಿ ಎಲ್ಲವನ್ನೂ ಬಿಡಿಸಿಬಿಡುತ್ತದೆ ಎಂದೂ ನಾನು ಹೇಳಲಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕವನ್ನೇ ತೆಗೆದುಕೊಳ್ಳಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಸದ್ದಡಗಿಸಿ ಒಂದು ಸಾಲು ನುಡಿಯುತ್ತಾನೆ. ಆ ಒಂದು ಸಾಲನ್ನು ರೈತ ಮಳೆಬೆಳೆಯ ಸೂಚನೆ ಎಂದು ಕೇಳುತ್ತಾನೆ. ಪತ್ರಕರ್ತ ಸರ್ಕಾರದ ಭವಿಷ್ಯ ಎಂದು ಬರೆಯುತ್ತಾನೆ. ಭಕ್ತನಿಗೆ ಅದು ದೇವವಾಣಿ. ಜಾನಪದದವರಿಗೆ ಮೌಖಿಕ ಸಾಹಿತ್ಯ. ಡ್ಯೂಯಿಯ ಲೆಕ್ಕದಲ್ಲಿ ಧರ್ಮದ 294ಕ್ಕೆ ಹೋಗಬೇಕೋ ಜಾನಪದದ 398ಕ್ಕೆ ಹೋಗಬೇಕೋ ಎಂದು ತೀರ್ಮಾನಿಸುವಾಗ, ಗೊರವಯ್ಯನ ನಂಬಿಕೆಯನ್ನು ಧರ್ಮ ಎನ್ನಬೇಕೋ ಕಥೆ ಎನ್ನಬೇಕೋ ಎಂಬುದನ್ನೂ ನಾವು ತೀರ್ಮಾನಿಸುತ್ತಿರುತ್ತೇವೆ. ನಾಲ್ಕು ಚೀಟಿ ಅಂಟಿಸಬಹುದು ನಿಜ. ಆದರೆ ಚೀಟಿಯ ಮೇಲಿನ ಮಾತುಗಳು ಯಾರವು? ಗೊರವರನ್ನು ಕೇಳಿ ಬರೆದವು ಬಹಳ ಇರಲಾರವು. ತಮ್ಮ ಆಚರಣೆಗಳಿಗೆ ಅವರು ಇಟ್ಟುಕೊಂಡ ಹೆಸರುಗಳೇ ಮೊದಲ ಚೀಟಿಯಾಗಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಪಾಂಡಿತ್ಯದ ಚೀಟಿಗಳು ಆಮೇಲೆ ಬರಲಿ.

ಚೀಟಿಯನ್ನು ಹೊರಗೆ ಅಂಟಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಒಂದು ಇಮೇಲ್ ಸೇವೆಯ ಲೇಬಲ್ಲುಗಳು ಇನ್ನೊಂದಕ್ಕೆ ಹೋಗುವಾಗ ಉದುರಬಹುದು. ತಂತ್ರಾಂಶ ಮುಚ್ಚಿದರೆ ಅದರೊಡನೆ ಅದರ ವರ್ಗೀಕರಣವೂ ಹೋಗುತ್ತದೆ. 1994ರಲ್ಲಿ ಹುಟ್ಟಿ ಅಂತರ್ಜಾಲವನ್ನೆಲ್ಲ ವಿಷಯವಾರು ಜೋಡಿಸಲು ಹೊರಟ ಯಾಹೂ ಪಟ್ಟಿ 2014ರಲ್ಲಿ ನಿಂತುಹೋಯಿತು. ಸ್ವಯಂಸೇವಕರು ಕಟ್ಟಿದ ಡಿಮಾಜ್ ಎಂಬ ಪಟ್ಟಿ 2017ರಲ್ಲಿ ನಿಂತಿತು. 20 ವರ್ಷಗಳ ಆಸುಪಾಸಿನಲ್ಲೇ ಬಾಳು ಮುಗಿಸಿದ ಬೀರುಗಳು ಇವು.

ಇದಕ್ಕೆ ನಮ್ಮ ಪರಂಪರೆಯಲ್ಲಿ ಒಂದು ಉತ್ತರವಿದೆ. ಹರಪನಹಳ್ಳಿ ಭೀಮವ್ವ 19ನೆಯ ಶತಮಾನದ ಹರಿದಾಸ ಪರಂಪರೆಯ ಕವಯತ್ರಿ. ಆಕೆಯ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ, ನೋಟುಬುಕ್ಕಿನಿಂದ ನೋಟುಬುಕ್ಕಿಗೆ ದಾಟಿದವು. ಊರು ಜಿಲ್ಲೆ ಬದಲಿಸಿತು, ರಾಜ್ಯ ಬದಲಿಸಿತು. ಹಾಡು ಮಾತ್ರ ಯಾರದು ಎಂಬ ಗೊಂದಲಕ್ಕೆ ಸುಲಭವಾಗಿ ಸಿಲುಕಲಿಲ್ಲ. 'ಭೀಮೇಶಕೃಷ್ಣ' ಎಂಬ ಅಂಕಿತ ಹಾಡಿನ ಒಳಗೇ ಇದೆ. ನಕಲು ಮಾಡುವವಳು ಹಾಡು ಬರೆದುಕೊಂಡರೆ ಅಂಕಿತವನ್ನೂ ಬರೆದುಕೊಂಡ ಹಾಗೆ. ವಚನಕಾರರಿಂದ ದಾಸರವರೆಗೆ ನಮ್ಮ ಕವಿಗಳು ಇದನ್ನು ಭಕ್ತಿಯಿಂದ ಮಾಡಿದರು. ಫಲ ಮಾತ್ರ ಗ್ರಂಥಪಾಲಕನಿಗೂ ಸಂದಿತು. ಗುರುತು ವಸ್ತುವಿನೊಳಗಿದ್ದರೆ ಕಪಾಟು ಸುಟ್ಟರೂ ಅದು ಉಳಿಯುತ್ತದೆ.

ತಂತ್ರಾಂಶ ಮಾಡುವವರಿಂದ ನಾನು ಬಯಸುವುದು ಹೆಚ್ಚಿನದೇನಲ್ಲ. ಊರಿನ ಹೆಸರಿನಿಂದಲೇ ಹುಡುಕಾಟ ಶುರುವಾಗಲಿ. 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಒಂದು ಸಂಖ್ಯೆ ಕೊಟ್ಟಿದೆ. ಜಿಲ್ಲೆ ಬದಲಾದ ಮಾತ್ರಕ್ಕೆ ಅದು ಬದಲಾಗಬೇಕಿಲ್ಲ. ದಾಖಲೆಗಳು ಅಂಥ ಸಂಖ್ಯೆಯನ್ನು ಹಿಡಿದು ನಿಲ್ಲಲಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಜಿಲ್ಲೆ ಎಂಬುದು ಒಂದು ಪ್ರತ್ಯೇಕ ಪಟ್ಟಿಯಾಗಿರಲಿ. ಹಳೆಯ ಹೆಸರನ್ನು ಅಳಿಸದೆ ಹೊಸದರ ಪಕ್ಕಕ್ಕೆ ಇಡಲಿ.

ಅವರು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಸೀಮೆಯ ಚಿತ್ರವೊಂದನ್ನೋ ಹಾಡೊಂದನ್ನೋ ಯಾರಿಗಾದರೂ ಕಳಿಸುವಾಗ ಕಡತದ ಹೆಸರಿನಲ್ಲಿಯೇ ಮೂರು ಸಂಗತಿಗಳನ್ನು ಬರೆಯೋಣ: ಯಾವ ಊರು, ಯಾವ ವರ್ಷ, ಯಾರಿಂದ ಬಂದದ್ದು. ಹಾಡಿದವರ ಹೆಸರಿದ್ದರೆ ಅದನ್ನು ಬಿಡದಿರೋಣ. ಜಿಲ್ಲೆಯ ಹೆಸರನ್ನು ಬರೆಯದಿದ್ದರೂ ನಡೆದೀತು. ಊರು ಮತ್ತು ವರ್ಷ ಇದ್ದರೆ ಅದನ್ನು ಯಾರು ಬೇಕಾದರೂ ಕಂಡುಕೊಳ್ಳುತ್ತಾರೆ.